ಏಳನೇ ರೂಟಿನ ಚಹಾ

ಜುಲೈ ಅಂದರೆ ಅಲಬಾಮಾದಲ್ಲಿ ತಿಂಗಳಲ್ಲ,
ಮೈಮೇಲೆ ಯಾರೋ ಹೊದಿಸಿ ಹೋದ ಒದ್ದೆ ಕಂಬಳಿ.
ಅಂಚೆ ಜೀಪಿನ ಫ್ಯಾನು ಬಿಸಿಯನ್ನೇ
ಈ ಕೆನ್ನೆಯಿಂದ ಆ ಕೆನ್ನೆಗೆ ದಾಟಿಸುತ್ತದೆ.
ಹತ್ತೊಂಬತ್ತು ವರ್ಷದಿಂದ ಇದೇ ದಾರಿ ನನ್ನದು.
ಯಾರಿಗೆ ಕೋರ್ಟಿನ ಕಾಗದ, ಯಾರಿಗೆ ಬೀಜದ ಕ್ಯಾಟಲಾಗು,
ಎಲ್ಲ ಗೊತ್ತು; ಬಾಯಿ ಬಿಡುವ ಹಾಗಿಲ್ಲ.
ಚಹಾದ ವಿಷಯವಾದರೆ ಹೇಳಬಹುದು,
ಅದಕ್ಕೆ ಲಕೋಟೆ ಇಲ್ಲ.

ಲುವೀನಿಯಾ ಸ್ಟ್ರಿಂಗರ್ ಬಿಸಿಯಿರುವಾಗಲೇ ಸಕ್ಕರೆ ಸುರಿಯುವವಳು.
ಅಳತೆ ಕೇಳಿದರೆ ಬೊಗಸೆ ತೋರಿಸುತ್ತಾಳೆ:
"ಇದು ತುಂಬುವಷ್ಟು, ಆಮೇಲೆ ಇನ್ನೊಂದು ಚೂರು, ದೇವರ ಪಾಲಿಗೆ."
ಜೊತೆಗೆ ಅಡುಗೆ ಸೋಡಾ, ಉಗುರಿನ ತುದಿಯಷ್ಟು,
ಒಗರು ಬಾಲ ಮುದುರಿಕೊಂಡು ಹೋಗಲಿ ಅಂತ.
ಲೋಟಕ್ಕೆ ಮೊದಲು ಚಹಾ, ಆಮೇಲೆ ಐಸು;
ತಿರುವುಮುರುವಾದರೆ ಅವಳ ಮುಖ
ಚರ್ಚಿನಲ್ಲಿ ಟೋಪಿ ತೆಗೆಯದವನನ್ನು ಕಂಡ ಹಾಗೆ.

ಎದುರು ಮನೆ ಅವಳ ನಾದಿನಿ ಅರ್ಡೆಲ್ಲಾಳದು.
ಒಲೆ ಹಚ್ಚುವುದೇ ಇಲ್ಲ.
ಉಪ್ಪಿನಕಾಯಿ ಮುಗಿದ ಗಾಜಿನ ಜಾಡಿ, ತಣ್ಣೀರು, ಐದು ಪೊಟ್ಟಣ,
ಬೆಳಿಗ್ಗೆಯೇ ಜಗಲಿಯ ಕಟಕಟೆಯ ಮೇಲಿಟ್ಟು
ಸೂರ್ಯನಿಗೆ ಒಪ್ಪಿಸಿ ಒಳಗೆ ಹೋಗಿಬಿಡುತ್ತಾಳೆ.
ಹತ್ತಕ್ಕೆ ನೋಡಿದರೆ ನೀರಿಗೆ ಈಗಷ್ಟೇ ನಾಚಿಕೆ,
ಎರಡಕ್ಕೆ ವಾಪಸು ಬರುವಾಗ ಕಂದು ಜೇನು.
"ಹುಳ ಬೆಳೆಯುತ್ತೆ ಅದರಲ್ಲಿ" ಅಂತಾಳೆ ಲುವೀನಿಯಾ.
"ಅವಳದು ಚಹಾ ಅಲ್ಲ, ಪಾಕ" ಅಂತಾಳೆ ಇವಳು.
ಇಬ್ಬರದ್ದೂ ಕುಡಿದು, ಇಬ್ಬರಿಗೂ ತಲೆಯಾಡಿಸಿ,
ಮುಂದಿನ ಡಬ್ಬಿಗೆ ಗೇರು ಬದಲಿಸುತ್ತೇನೆ.

ಕೊಲ್ಲಿಯ ಕಡೆ, ಸಿಗಡಿ ದೋಣಿಗಳ ಬೀದಿಯಲ್ಲಿ
ಹಿಯೆನ್, ಬಲೆ ಹೆಣೆಯುವ ಹೆಂಗಸು.
ಅವಳ ಚಹಾ ತೆಳು, ಮಲ್ಲಿಗೆಯ ನೆರಳು ಬಿದ್ದ ನೀರು.
ಸಕ್ಕರೆಯ ಸುದ್ದಿಯಿಲ್ಲ. ಲೋಟದ ತುಂಬ ಐಸೇ,
ಅಚ್ಚಿನದಲ್ಲ, ಟವೆಲ್ಲಿನಲ್ಲಿ ಸುತ್ತಿ
ಸುತ್ತಿಗೆಯಲ್ಲಿ ಕುಟ್ಟಿದ್ದು.
ಮೊದಲ ಸಲ, ಇದೇನು ಕಪ್ಪು ತೊಳೆದ ನೀರು, ಅಂದುಕೊಂಡಿದ್ದೆ.
ಈಗ ಆಗಸ್ಟ್ ಬಂತೆಂದರೆ
ನಾಲಿಗೆ ಆ ಬೀದಿಗೆ ನನಗಿಂತ ಮೊದಲು ತಿರುಗುತ್ತದೆ.

ನನ್ನ ಮನೆಯದು ಕೇಳಬೇಡಿ.
ರಾತ್ರಿ ಫ್ರಿಜ್ಜಿನಲ್ಲಿ ನೆನೆಹಾಕಿದ್ದು,
ಬೆಳಿಗ್ಗೆ ಸೋಸಲೂ ಸೋಮಾರಿತನ.

ಕೊನೆಯ ಡಬ್ಬಿ ಹಾಲಿಸ್ ಗ್ರಾಂಥಮ್‌ರದು.
ವಿಲ್ಡಾ ಹೋದದ್ದು ಮಾರ್ಚಿನಲ್ಲಿ.
ಅವಳ ಹೆಸರಿಗೆ ಇನ್ನೂ ಕೂಪನ್ನು ಬರುತ್ತವೆ.
ಕೊಡುತ್ತೇನೆ, ನಿಯಮ.
ಅವತ್ತು ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಗಾಜಿನ ಹೂಜಿ.
ಹಬೆಯಾಡುವಾಗಲೇ ಫ್ರಿಜ್ಜಿಗೆ ತಳ್ಳಿದ ಚಹಾ
ಕೆರೆಯ ಬಗ್ಗಡದಂತೆ ಕದಡಿತ್ತು.
"ಮೂರನೇ ಸಲ ಚೆಲ್ಲುತ್ತಿದ್ದೇನೆ" ಎಂದರು,
ಐವತ್ತು ವರ್ಷ ದೋಣಿ ಎಂಜಿನ್ನು ಬಿಚ್ಚಿ ಜೋಡಿಸಿದ ಮನುಷ್ಯ.
"ಅವಳದು ಕನ್ನಡಿಯ ಹಾಗಿರುತ್ತಿತ್ತು."

ಒಳಗೆ ಹೋಗುವುದು ನಿಯಮಕ್ಕೆ ವಿರುದ್ಧ.
ಹೋದೆ.
ಒಂದು ಲೋಟ ನೀರು ಮರಳಿಸಿ
ಹೂಜಿಗೆ ಸುರಿದೆ, ಮೆಲ್ಲಗೆ.
ದೊಡ್ಡ ವಿದ್ಯೆಯೇನಲ್ಲ, ಲುವೀನಿಯಾ ಹೇಳಿಕೊಟ್ಟದ್ದು:
ತಣ್ಣಗೆ ಮಂಕಾದದ್ದಕ್ಕೆ ತುಸು ಕುದಿನೀರು.
ಮೋಡ ಸರಿಯಿತು.
ಆಚೆ ಬದಿಯ ಕಿಟಕಿ, ಅದರಾಚೆ
ತಂತಿಯ ಮೇಲೆ ತೂಗುವ ಅವರ ಒಂದೇ ಅಂಗಿ
ಚಹಾದೊಳಗಿಂದ ಕಾಣಿಸಿದವು.

ಐಸು ತುಂಬಿದರು. ಸಕ್ಕರೆ ಮರೆತೇ ಹೋಗಿತ್ತು.
ನಿಂಬೆ ಕೊಯ್ಯುವ ಚಾಕು ವಿಲ್ಡಾ ಎಲ್ಲಿಡುತ್ತಿದ್ದಳೋ,
ಇಬ್ಬರೂ ಎಲ್ಲ ಡ್ರಾಯರು ಎಳೆದು ನೋಡಿದೆವು, ಸಿಗಲಿಲ್ಲ.
ಹಾಗೇ ಕುಡಿದೆವು, ನಿಂತುಕೊಂಡೇ.
ಹಲ್ಲು ಜುಮ್ಮೆಂದಿತು. ಒಗರು.
ಯಾರೂ ಏನೂ ಅನ್ನಲಿಲ್ಲ.

ಮರುದಿನ ಅವರಿಗೆ ಅಂಚೆಯೇ ಇರಲಿಲ್ಲ.
ಆದರೂ ಡಬ್ಬಿಯ ಕೆಂಪು ಬಾವುಟ ಮೇಲೆದ್ದಿತ್ತು.
ತೆರೆದರೆ ಒಂದು ಬಾಟಲಿ, ಮೈಯೆಲ್ಲ ಬೆವರು,
ಅಂಚೆಚೀಟಿಯಿಲ್ಲ, ವಿಳಾಸವಿಲ್ಲ,
ತಿಳಿ ಅಂದರೆ ತಿಳಿ.
ಸಿಹಿಯೋ,
ಲುವೀನಿಯಾಳೂ ಬೆಚ್ಚಿಬೀಳುವಷ್ಟು.